ಕಚ್ಚಾ ತೈಲದಲ್ಲಿ ಗಂಧಕ

ಕಚ್ಚಾ ತೈಲದಲ್ಲಿ ಇಂಗಾಲ ಮತ್ತು ಜಲಜನಕಗಳ ನಂತರ ಅತಿ ಹೆಚ್ಚು ಪ್ರಮಾಣದಲ್ಲಿ ಸಿಗುವ ಮೂಲವಸ್ತು ಗಂಧಕ. ತೂಕದ ಲೆಕ್ಕದಲ್ಲಿ ಅದರ ಪಾಲು ಶೇ. 0.05ಕ್ಕಿಂತ ಕಡಿಮೆಯಿಂದ ಶೇ. 5–6ರವರೆಗೆ ಇರುವುದು ಸಾಮಾನ್ಯ. ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ದಡದಲ್ಲಿರುವ ರೋಜೆಲ್ ಪಾಯಿಂಟ್‌ನ ಅಂಟು ತೈಲದಲ್ಲಿ ಅದು ಶೇ. 10ನ್ನೂ ಮೀರುತ್ತದೆ. ತೈಲದ ಬೆಲೆ, ಅದು ಹರಿಯುವ ಕೊಳವೆಯ ಲೋಹ, ಸಂಸ್ಕರಿಸುವ ಕಾರ್ಖಾನೆಯ ರಚನೆ, ಕೊನೆಗೆ ಅದನ್ನು ಉರಿಸುವ ಎಂಜಿನ್ನಿನ ಆಯುಸ್ಸು, ಇವೆಲ್ಲದರ ಮೇಲೂ ಈ ಪಾಲಿನ ಪ್ರಭಾವವಿದೆ. ಆದರೆ ಶೇಕಡಾವಾರು ಅಂಕಿಯೊಂದರಿಂದಲೇ ತೈಲದ ಗುಣ ತಿಳಿಯುವುದಿಲ್ಲ. ಗಂಧಕ ಯಾವ ಸಂಯುಕ್ತದ ರೂಪದಲ್ಲಿದೆ, ತೈಲದ ಹಗುರ ಭಾಗದಲ್ಲಿದೆಯೋ ಭಾರದ ಭಾಗದಲ್ಲಿದೆಯೋ ಎಂಬುದು ಎಷ್ಟೋ ಸಲ ಆ ಅಂಕಿಗಿಂತ ಮುಖ್ಯವಾಗುತ್ತದೆ.

ಶೇ. 2 ಎಂದರೆ ಕೇಳಲು ಚಿಕ್ಕದು. ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್. ಮಧ್ಯಮ ಸಾಂದ್ರತೆಯ ತೈಲವಾದರೆ ಸುಮಾರು 137 ಕಿಲೋ ತೂಗುತ್ತದೆ. ಅದರಲ್ಲಿ ಶೇ. 2ರಷ್ಟು ಗಂಧಕವಿದ್ದರೆ ಪ್ರತಿ ಬ್ಯಾರೆಲ್‌ನಲ್ಲೂ 2.7 ಕಿಲೋ ಗಂಧಕ ಕರಗಿದೆ ಎಂದಾಯಿತು. ಇಪ್ಪತ್ತು ಲಕ್ಷ ಬ್ಯಾರೆಲ್ ಹೊತ್ತು ಬರುವ ದೈತ್ಯ ಟ್ಯಾಂಕರ್ ಹಡಗೊಂದರಲ್ಲಿ ಹೀಗೆ 5,000 ಟನ್ನಿಗೂ ಹೆಚ್ಚು ಗಂಧಕ ಕಣ್ಣಿಗೆ ಕಾಣದೆ ಸಾಗುತ್ತದೆ. ಅಷ್ಟನ್ನೂ ಸುಟ್ಟರೆ ಅದರ ಎರಡರಷ್ಟು ತೂಕದ ಸಲ್ಫರ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಸಂಸ್ಕರಣಾಗಾರಗಳು ಇಂದು ಗಂಧಕದ ಹಿಂದೆ ಇಷ್ಟು ಹಣ ಸುರಿಯುವುದೇಕೆ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಸಿಹಿ ಮತ್ತು ಹುಳಿ

ತೈಲದ ವ್ಯಾಪಾರದಲ್ಲಿ ಗಂಧಕ ಕಡಿಮೆಯಿರುವ ತೈಲಕ್ಕೆ ಸಿಹಿ ತೈಲವೆಂದೂ ಹೆಚ್ಚಿರುವ ತೈಲಕ್ಕೆ ಹುಳಿ ತೈಲವೆಂದೂ ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾವಿ ತೋಡುತ್ತಿದ್ದವರು ತೈಲವನ್ನು ಮೂಸಿ, ನಾಲಿಗೆಗೆ ತಾಕಿಸಿ ಗುಣ ನೋಡುತ್ತಿದ್ದ ಕಾಲದಿಂದ ಈ ಹೆಸರುಗಳು ಉಳಿದುಬಂದಿವೆ. ಗಡಿ ಸಾಮಾನ್ಯವಾಗಿ ಶೇ. 0.5. ನ್ಯೂಯಾರ್ಕ್ ಸರಕು ವಿನಿಮಯ ಕೇಂದ್ರದ ಕರಾರಿನಲ್ಲಿ ಅದು ಇನ್ನೂ ಬಿಗಿ, ಶೇ. 0.42.

ಉತ್ತರ ಸಮುದ್ರದ ಬ್ರೆಂಟ್ ತೈಲದಲ್ಲಿ ಸುಮಾರು ಶೇ. 0.4, ಅಮೆರಿಕದ ವೆಸ್ಟ್ ಟೆಕ್ಸಸ್ ಇಂಟರ್‌ಮೀಡಿಯೆಟ್‌ನಲ್ಲಿ ಸುಮಾರು ಶೇ. 0.24, ನೈಜೀರಿಯಾದ ಬಾನಿ ಲೈಟ್‌ನಲ್ಲಿ ಸುಮಾರು ಶೇ. 0.15, ಮಲೇಷ್ಯಾದ ಟಾಪಿಸ್‌ನಲ್ಲಿ ಶೇ. 0.03ರ ಆಸುಪಾಸು ಗಂಧಕವಿದೆ. ಇವು ಸಿಹಿ. ಹುಳಿಯ ಸಾಲಿನಲ್ಲಿ ಸುಮಾರು ಶೇ. 2ರ ದುಬೈ ಮತ್ತು ಅರಬ್ ಲೈಟ್, ಶೇ. 2.5 ದಾಟುವ ಕುವೈತ್ ತೈಲ, ಶೇ. 3ರ ಹತ್ತಿರದ ಅರಬ್ ಹೆವಿ, ಶೇ. 3.3ರಷ್ಟಿರುವ ಮೆಕ್ಸಿಕೋದ ಮಾಯಾ, ಶೇ. 3.5ರ ಕೆನಡಾದ ವೆಸ್ಟರ್ನ್ ಕೆನೇಡಿಯನ್ ಸೆಲೆಕ್ಟ್ ಬರುತ್ತವೆ. ರಷ್ಯದ ಉರಾಲ್ಸ್ ಶೇ. 1.5ರ ಸುತ್ತಮುತ್ತ, ಮಧ್ಯಮ ಹುಳಿ. ನಮ್ಮಲ್ಲಿ ಸಿಗುವ ತೈಲ ಬಹುಪಾಲು ಸಿಹಿಯೇ: ಅಸ್ಸಾಮಿನದು, 1974ರಲ್ಲಿ ಪತ್ತೆಯಾದ ಬಾಂಬೆ ಹೈಯದು, 2004ರಲ್ಲಿ ಪತ್ತೆಯಾದ ರಾಜಸ್ಥಾನದ ಬಾಡಮೇರಿನ ಮಂಗಲಾ ನಿಕ್ಷೇಪದ್ದು, ಮೂರರಲ್ಲೂ ಗಂಧಕ ತೀರ ಕಡಿಮೆ. ಆದರೆ ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 80ಕ್ಕೂ ಹೆಚ್ಚು ಪಾಲನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ, ಅದರಲ್ಲಿ ಹುಳಿ ತೈಲವೇ ಹೆಚ್ಚು. ಸರಕಾರ ಪ್ರಕಟಿಸುವ ‘ಇಂಡಿಯನ್ ಬಾಸ್ಕೆಟ್’ ಬೆಲೆಯಲ್ಲೂ ಒಮಾನ್–ದುಬೈ ಸರಾಸರಿಯ ಹುಳಿ ತೈಲಕ್ಕೆ ಮುಕ್ಕಾಲು ಪಾಲು, ಬ್ರೆಂಟ್‌ನ ಸಿಹಿ ತೈಲಕ್ಕೆ ಉಳಿದದ್ದು.

ಗಂಧಕ ಎಲ್ಲಿಂದ ಬಂತು

ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತು ಕಾಂಡ್ಲಾ ಗಿಡಗಳ ಬುಡದ ಕೆಸರಿಗೆ ಕಾಲಿಟ್ಟವರಿಗೆ ಆ ವಾಸನೆ ಗೊತ್ತು. ಮೇಲಿನ ಕಂದು ಪದರದ ಕೆಳಗೆ ಕಾಡಿಗೆಯಂಥ ಕಪ್ಪು ಕೆಸರು, ಅದನ್ನು ಕಲಕಿದರೆ ಕೊಳೆತ ಮೊಟ್ಟೆಯ ನಾತ. ಗಾಳಿಯಾಡದ ಆ ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನ ಸಲ್ಫೇಟಿನಿಂದ ಆಮ್ಲಜನಕ ಕಿತ್ತುಕೊಂಡು ಉಸಿರಾಡಿ, ಹೈಡ್ರೊಜನ್ ಸಲ್ಫೈಡ್ ಅನಿಲವನ್ನು ಹೊರಬಿಡುತ್ತವೆ. ಕೋಟ್ಯಂತರ ವರ್ಷಗಳ ಹಿಂದೆ ಕಡಲ ತಳದಲ್ಲಿ ಪಾಚಿ, ಪ್ಲವಕಗಳು ಸತ್ತು ತೈಲದ ಮೂಲದ್ರವ್ಯವಾಗಿ ಕೂಡಿಕೊಳ್ಳುತ್ತಿದ್ದಾಗಲೂ ನಡೆದದ್ದು ಇದೇ.

ಹೀಗೆ ಹುಟ್ಟಿದ ಸಲ್ಫೈಡ್ ಮುಂದೆ ಏನಾಗುತ್ತದೆಂಬುದನ್ನು ನಿರ್ಧರಿಸುವುದು ಕಬ್ಬಿಣ. ನದಿಗಳು ಹೊತ್ತು ತರುವ ಜೇಡಿಯಲ್ಲಿ ಕಬ್ಬಿಣ ಧಾರಾಳವಾಗಿದ್ದರೆ ಸಲ್ಫೈಡ್ ಅದರೊಡನೆ ಸೇರಿ ಕಬ್ಬಿಣದ ಸಲ್ಫೈಡ್ ಆಗಿ, ಕಾಲಕ್ರಮದಲ್ಲಿ ಪೈರೈಟ್ ಖನಿಜವಾಗಿ ಬಂಡೆಯಲ್ಲಿ ಉಳಿದುಬಿಡುತ್ತದೆ. ಅಳಿವೆಯ ಕೆಸರಿನ ಕಪ್ಪು ಬಣ್ಣಕ್ಕೂ ಕಬ್ಬಿಣದ ಸಲ್ಫೈಡೇ ಕಾರಣ. ಕಬ್ಬಿಣ ವಿರಳವಾದ ಸುಣ್ಣಕಲ್ಲಿನ ಕಡಲುಗಳಲ್ಲಿ ಹಾಗಾಗುವುದಿಲ್ಲ. ಹಿಡಿದಿಡುವ ಲೋಹವಿಲ್ಲದ ಗಂಧಕ ಸಾವಯವ ದ್ರವ್ಯದೊಳಕ್ಕೇ ಸೇರಿ, ಮುಂದೆ ತೈಲವಾದಾಗ ತೈಲದೊಂದಿಗೇ ಬರುತ್ತದೆ. ಸೌದಿ, ಕುವೈತ್, ಇರಾಕ್‌ಗಳ ತೈಲ ಹುಳಿಯಾಗಿರುವುದಕ್ಕೆ ಅಲ್ಲಿನ ಸುಣ್ಣಕಲ್ಲಿನ ಮೂಲಶಿಲೆಗಳೇ ಮುಖ್ಯ ಕಾರಣ. ಸಿಹಿನೀರಿನ ಸರೋವರಗಳಲ್ಲಿ ಸಲ್ಫೇಟೇ ಕಡಿಮೆ. ಅಲ್ಲಿ ಹುಟ್ಟಿದ ಚೀನಾದ ದಾಚಿಂಗ್, ಇಂಡೋನೇಷ್ಯಾದ ಮಿನಾಸ್, ನಮ್ಮ ಮಂಗಲಾ ತೈಲಗಳಲ್ಲಿ ಗಂಧಕ ಅತ್ಯಲ್ಪ, ಮೇಣ ಮಾತ್ರ ವಿಪರೀತ. ಗಂಧಕದ ಪ್ರಮಾಣ ನೋಡಿ ತೈಲದ ಹುಟ್ಟೂರನ್ನು ಊಹಿಸುವುದು ಭೂರಸಾಯನ ತಜ್ಞರಿಗೆ ಈ ಕಾರಣದಿಂದಲೇ ಸಾಧ್ಯವಾಗಿದೆ.

ಹುಟ್ಟಿದ ಮೇಲೂ ಪ್ರಮಾಣ ಬದಲಾಗುವುದುಂಟು. ನಿಕ್ಷೇಪ ಆಳಕ್ಕಿಳಿದು ಬಿಸಿಯೇರಿದಂತೆ ಗಂಧಕದ ದೊಡ್ಡ ಅಣುಗಳು ಒಡೆದು ತೈಲ ಸಿಹಿಯಾಗುತ್ತದೆ. ನೆಲದ ಮೇಲ್ಪದರಕ್ಕೆ ಬಂದರೆ ಬ್ಯಾಕ್ಟೀರಿಯಾಗಳು ಹಗುರವಾದ ಹೈಡ್ರೊಕಾರ್ಬನ್‌ಗಳನ್ನು ಮೊದಲು ತಿಂದುಹಾಕುತ್ತವೆ. ಉಳಿದ ಮಡ್ಡಿಯಲ್ಲಿ ಗಂಧಕದ ಪಾಲು ಏರುತ್ತದೆ. ಕೆನಡಾದ ಅಥಬಾಸ್ಕಾ ಮರಳಿನ ಡಾಂಬರು, ವೆನೆಜುವೆಲಾದ ಒರಿನೋಕೊ ತೈಲಗಳು ಹೀಗೆ ಭಾರವೂ ಹುಳಿಯೂ ಆದವು.

ಯಾವ ರೂಪದಲ್ಲಿ

ತೈಲದಲ್ಲಿ ಶುದ್ಧ ಗಂಧಕ ಇರುವುದು ಅಪರೂಪ. ಕರಗಿದ ಹೈಡ್ರೊಜನ್ ಸಲ್ಫೈಡ್, ಮರ್ಕ್ಯಾಪ್ಟನ್‌ಗಳು, ಸಲ್ಫೈಡ್ ಮತ್ತು ಡೈಸಲ್ಫೈಡ್‌ಗಳು, ಉಂಗುರದಾಕಾರದ ಥಯೋಫೀನ್‌ಗಳು ಇವೇ ಮುಖ್ಯ ರೂಪಗಳು. ಮರ್ಕ್ಯಾಪ್ಟನ್ ನಮ್ಮ ಅಡುಗೆಮನೆಗೂ ಪರಿಚಿತ. ಗ್ಯಾಸ್ ಸಿಲಿಂಡರಿನ ಅನಿಲಕ್ಕೆ ತನ್ನದೇ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದು ಅದಕ್ಕೆ ಚಿಟಿಕೆಯಷ್ಟು ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಇಂಗು, ಬೆಳ್ಳುಳ್ಳಿಗಳ ಘಾಟಿನ ಹಿಂದಿರುವುದೂ ಗಂಧಕದ ಸಂಯುಕ್ತಗಳೇ.

ಈ ರೂಪಗಳ ಸ್ವಭಾವ ಒಂದೇ ಅಲ್ಲ. ಹೈಡ್ರೊಜನ್ ಸಲ್ಫೈಡ್ ಮತ್ತು ಮರ್ಕ್ಯಾಪ್ಟನ್ ಬೇಗ ಪ್ರತಿವರ್ತಿಸುತ್ತವೆ, ಲೋಹವನ್ನು ತಿನ್ನುತ್ತವೆ, ನಾರುತ್ತವೆ; ತೆಗೆಯುವುದೂ ಸುಲಭ. ಥಯೋಫೀನ್ ಬಳಗದ ಗಂಧಕ ಬೆಂಜೀನ್ ಉಂಗುರಗಳ ನಡುವೆ ಭದ್ರವಾಗಿ ಕುಳಿತಿರುತ್ತದೆ. ಸಾಧಾರಣ ಉಷ್ಣತೆಯಲ್ಲಿ ಅದು ಯಾರ ತಂಟೆಗೂ ಹೋಗುವುದಿಲ್ಲ, ಆದರೆ ಕಿತ್ತು ತೆಗೆಯುವುದು ಬಲು ಕಷ್ಟ. ಒಟ್ಟು ಗಂಧಕ ಹೆಚ್ಚಿದ್ದೂ ಹೈಡ್ರೊಜನ್ ಸಲ್ಫೈಡ್ ತೀರ ಕಡಿಮೆಯಿರುವ ತೈಲಗಳಿವೆ. ಒಟ್ಟು ಗಂಧಕ ಮಿತವಾಗಿದ್ದು ಟ್ಯಾಂಕಿನ ಮುಚ್ಚಳ ತೆರೆದವನ ಪ್ರಾಣಕ್ಕೆ ಎರವಾಗುವಷ್ಟು ಅನಿಲ ಕರಗಿಸಿಕೊಂಡ ತೈಲಗಳೂ ಇವೆ. ‘ಹುಳಿ’ ಎಂಬ ಒಂದೇ ಪದ ಈ ಎರಡಕ್ಕೂ ಬಳಕೆಯಾಗುವುದು ವ್ಯಾಪಾರಕ್ಕೆ ಸಾಕಾಗಬಹುದು, ಸುರಕ್ಷತೆಗೆ ಸಾಲದು.

ಬಟ್ಟಿ ಇಳಿಸಿದಾಗ ಗಂಧಕ ಎಲ್ಲ ಭಾಗಗಳಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಕುದಿಬಿಂದು ಏರಿದಂತೆ ಅದರ ಪಾಲೂ ಏರುತ್ತದೆ. ಒಟ್ಟು ಶೇ. 2 ಗಂಧಕವಿರುವ ಕೊಲ್ಲಿ ದೇಶದ ತೈಲವೊಂದನ್ನು ತೆಗೆದುಕೊಂಡರೆ ಹಗುರ ಭಾಗವಾದ ನಾಫ್ತಾದಲ್ಲಿ ಶೇ. 0.1ಕ್ಕಿಂತ ಕಡಿಮೆ, ಡೀಸೆಲ್ ಭಾಗದಲ್ಲಿ ಶೇ. 1ರ ಆಸುಪಾಸು, ನಿರ್ವಾತದಲ್ಲಿ ಬಟ್ಟಿ ಇಳಿಸಿದ ಮೇಲೆ ತಳದಲ್ಲುಳಿಯುವ ಮಡ್ಡಿಯಲ್ಲಿ ಶೇ. 4ಕ್ಕೂ ಹೆಚ್ಚು ಸಿಗುತ್ತದೆ. ಹಗುರ ಭಾಗಗಳಲ್ಲಿ ಮರ್ಕ್ಯಾಪ್ಟನ್ ಮತ್ತು ಸಲ್ಫೈಡ್‌ಗಳು, ಡೀಸೆಲ್‌ನಲ್ಲಿ ಬೆಂಜೊಥಯೋಫೀನ್ ಮತ್ತು ಡೈಬೆಂಜೊಥಯೋಫೀನ್, ಮಡ್ಡಿಯಲ್ಲಿ ಅವಕ್ಕಿಂತ ದೊಡ್ಡ ಅಣುಗಳು.

ಸಾಂದ್ರತೆ, ಸ್ನಿಗ್ಧತೆ, ಉರಿಯುವ ಶಕ್ತಿ

ಗಂಧಕ ಹೆಚ್ಚಿದ್ದರೆ ತೈಲ ಭಾರ, ದಪ್ಪ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಒಟ್ಟಾರೆ ನೋಡಿದರೆ ಅದು ಸರಿ. ಸಾಂದ್ರತೆಯನ್ನು ತೈಲ ಲೋಕದಲ್ಲಿ ಎಪಿಐ ಡಿಗ್ರಿಯಲ್ಲಿ ಹೇಳುತ್ತಾರೆ: 141.5ನ್ನು ಸಾಪೇಕ್ಷ ಸಾಂದ್ರತೆಯಿಂದ ಭಾಗಿಸಿ 131.5 ಕಳೆದರೆ ಆ ಅಂಕಿ ಸಿಗುತ್ತದೆ. ತೈಲ ಹಗುರವಾದಷ್ಟೂ ಅಂಕಿ ದೊಡ್ಡದು. ಟಾಪಿಸ್ ಸುಮಾರು 45, ಬ್ರೆಂಟ್ ಸುಮಾರು 38, ಅರಬ್ ಲೈಟ್ ಸುಮಾರು 33, ಅರಬ್ ಹೆವಿ ಸುಮಾರು 27, ಮಾಯಾ ಸುಮಾರು 22. ಮೇಲೆ ಕೊಟ್ಟ ಗಂಧಕದ ಅಂಕಿಗಳ ಪಕ್ಕದಲ್ಲಿ ಇವನ್ನಿಟ್ಟರೆ ಎರಡೂ ಒಂದಕ್ಕೊಂದು ಎದುರಾಗಿ ನಡೆಯುವುದು ಕಾಣುತ್ತದೆ.

ಆದರೆ ಜೊತೆಯಲ್ಲಿರುವುದೆಲ್ಲ ಕಾರಣವಲ್ಲ. ಇಂಗಾಲಕ್ಕಿಂತ ಭಾರವಾದ ಪರಮಾಣುವಾದ್ದರಿಂದ ಗಂಧಕ ಸಾಂದ್ರತೆಯನ್ನು ತುಸು ಏರಿಸುವುದು ನಿಜ. ತೈಲವನ್ನು ದಪ್ಪವಾಗಿಸುವ ನಿಜವಾದ ವಸ್ತುಗಳು ರೆಸಿನ್ ಮತ್ತು ಆಸ್ಫಾಲ್ಟೀನ್ ಎಂಬ ದೊಡ್ಡ ಅಣುಗಳು. ಗಂಧಕ ಅವುಗಳೊಳಗೆ ಮನೆ ಮಾಡಿಕೊಂಡಿರುತ್ತದೆ. ಅದೇ ಅಣುಗಳ ಸಂಗದಲ್ಲಿ ವನೇಡಿಯಂ, ನಿಕಲ್ ಲೋಹಗಳೂ ಇರುತ್ತವೆ. ವೆನೆಜುವೆಲಾದ ಬೊಸ್ಕಾನ್ ತೈಲದಲ್ಲಿ ಶೇ. 5ರ ಹತ್ತಿರ ಗಂಧಕವಿದೆ, ಎಪಿಐ ಸುಮಾರು 10, ವನೇಡಿಯಂ ಹತ್ತು ಲಕ್ಷದಲ್ಲಿ ಸಾವಿರ ಭಾಗಕ್ಕೂ ಹೆಚ್ಚು. ಗಂಧಕ ಇಲ್ಲದಿದ್ದರೆ ತೈಲ ಸಲೀಸಾಗಿ ಹರಿಯುತ್ತದೆ ಎನ್ನುವವರಿಗೆ ಬಾಡಮೇರಿನ ಮಂಗಲಾ ಉತ್ತರವಾಗಿದೆ. ಗಂಧಕ ಹೆಸರಿಗಷ್ಟೇ ಇರುವ ಆ ತೈಲ ಮೇಣದಿಂದಾಗಿ ಮಾಮೂಲಿ ಹವೆಯಲ್ಲೇ ಗಟ್ಟಿಯಾಗುತ್ತದೆ. ಅದನ್ನು ಗುಜರಾತಿನ ಕರಾವಳಿಗೆ ಸಾಗಿಸಲು ಉದ್ದಕ್ಕೂ ಬಿಸಿಯಾಗಿಡುವ ಕೊಳವೆಮಾರ್ಗವನ್ನೇ ಹಾಕಬೇಕಾಯಿತು.

ಉರಿಯುವ ಶಕ್ತಿಯ ಮೇಲಿನ ಪರಿಣಾಮ ಸಣ್ಣದು. ಒಂದು ಕಿಲೋ ಹೈಡ್ರೊಕಾರ್ಬನ್ ಉರಿದರೆ 42–43 ಮೆಗಾಜೂಲ್ ಶಾಖ. ಒಂದು ಕಿಲೋ ಗಂಧಕ ಉರಿದರೆ 9 ಮೆಗಾಜೂಲ್‌ಗಿಂತ ಸ್ವಲ್ಪ ಹೆಚ್ಚು. ಶೇ. 3 ಗಂಧಕವಿದ್ದರೆ ಶಾಖದಲ್ಲಿ ಆಗುವ ನೇರ ನಷ್ಟ ಶೇ. 2–3 ಅಷ್ಟೇ. ಪರೋಕ್ಷ ನಷ್ಟ ಇನ್ನೊಂದಿದೆ. ಉರಿದ ಗಂಧಕದ ಸಣ್ಣ ಪಾಲು ಟ್ರೈಆಕ್ಸೈಡ್ ಆಗಿ, ಹೊಗೆಯ ಉಷ್ಣತೆ ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಗಂಧಕಾಮ್ಲದ ಹನಿಗಳಾಗಿ ಚಿಮಣಿಯ ಒಳಮೈಗೆ ಕೂರುತ್ತದೆ. ಅದಕ್ಕೆ ಹೆದರಿ ಬಾಯ್ಲರ್‌ನವರು ಹೊಗೆಯನ್ನು ಬಿಸಿಯಾಗಿಯೇ ಹೊರಬಿಡುತ್ತಾರೆ, ಆ ಶಾಖವೆಲ್ಲ ಆಕಾಶದ ಪಾಲು.

ಲೋಹದ ಮೇಲೆ

ಸಂಸ್ಕರಣಾಗಾರದವರಿಗೆ ಗಂಧಕದ ದೊಡ್ಡ ಚಿಂತೆ ಲೋಹದ ಸವೆತ. ತೈಲವನ್ನು 260 ಡಿಗ್ರಿ ದಾಟಿ ಕಾಯಿಸಿದಾಗ ಗಂಧಕದ ಸಂಯುಕ್ತಗಳು ಒಡೆದು ಉಕ್ಕಿನ ಕಬ್ಬಿಣದೊಡನೆ ಸೇರಿ ಕಬ್ಬಿಣದ ಸಲ್ಫೈಡ್ ಆಗುತ್ತವೆ, ಕೊಳವೆಯ ಗೋಡೆ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತದೆ. ನೀರಿನ ತುಕ್ಕಿನಂತೆ ಅಲ್ಲೊಂದು ಇಲ್ಲೊಂದು ತೂತು ಬೀಳುವುದಲ್ಲ. ಇಡೀ ಗೋಡೆ ಸಮನಾಗಿ ಸವೆಯುತ್ತದೆ, ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಉಕ್ಕಿಗೆ ಕ್ರೋಮಿಯಂ ಬೆರೆಸಿದರೆ, ಶೇ. 5 ಅಥವಾ ಶೇ. 9ರಷ್ಟು, ಸವೆತ ಬಹಳ ತಗ್ಗುತ್ತದೆ. ಸಾದಾ ಉಕ್ಕಿನಲ್ಲಿ ಸಿಲಿಕಾನ್ ಎಷ್ಟಿದೆ ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿರುವ ಶೆವ್ರಾನ್ ಸಂಸ್ಕರಣಾಗಾರದಲ್ಲಿ 2012ರ ಆಗಸ್ಟ್ 6ರಂದು ನಡೆದದ್ದು ಇದರ ದಾಖಲಾದ ಪಾಠ. ಕಚ್ಚಾ ತೈಲ ಘಟಕದಿಂದ ಬಿಸಿ ತೈಲ ಹರಿಯುತ್ತಿದ್ದ 8 ಇಂಚಿನ ಕೊಳವೆಯೊಂದು ಸೀಳಿತು. 1970ರ ದಶಕದಲ್ಲಿ ಅಳವಡಿಸಿದ್ದ ಆ ಸಾಲಿನಲ್ಲಿ 52 ಇಂಚು ಉದ್ದದ ಒಂದು ತುಂಡಿನಲ್ಲಿ ಸಿಲಿಕಾನ್ ತೀರ ಕಡಿಮೆಯಿತ್ತು. ಅಕ್ಕಪಕ್ಕದ ತುಂಡುಗಳು ಗಟ್ಟಿಯಾಗಿರುವಾಗ ಅದೊಂದು ಮಾತ್ರ ಗಂಧಕಕ್ಕೆ ಸವೆದು ತಗಡಿನಂತಾಗಿತ್ತು. ಹೊರಚೆಲ್ಲಿದ ಆವಿಯ ಮೋಡದಲ್ಲಿ ಸಿಕ್ಕ 19 ನೌಕರರು ಹೇಗೋ ಪಾರಾದರು. ಬೆಂಕಿಯ ಹೊಗೆ ಊರಿನ ಮೇಲೆ ಕವಿದು ಮುಂದಿನ ದಿನಗಳಲ್ಲಿ ಸುಮಾರು 15,000 ಮಂದಿ ಆಸ್ಪತ್ರೆಗಳಿಗೆ ಹೋದರು. ತನಿಖೆ ನಡೆಸಿದ ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ ಗಂಧಕದ ಸವೆತವನ್ನೇ ಕಾರಣವೆಂದು ಹೇಳಿತು. ಹಳೆಯ ಸ್ಥಾವರಕ್ಕೆ ಅಗ್ಗದ ಹುಳಿ ತೈಲ ತುಂಬಿಸುವ ಮುನ್ನ ಕೊಳವೆಯ ಒಂದೊಂದು ತುಂಡಿನ ಲೋಹವನ್ನೂ ಅಳೆದು ನೋಡಬೇಕೆಂಬುದು ಆ ಸುಟ್ಟ ತುಂಡು ಕಲಿಸಿದ ಪಾಠ.

ತಣ್ಣಗಿರುವ ಕಡೆ ಅಪಾಯ ಬೇರೆ ಬಗೆಯದು. ನೀರಿನಂಶದೊಡನೆ ಹೈಡ್ರೊಜನ್ ಸಲ್ಫೈಡ್ ಸೇರಿದರೆ ಜಲಜನಕದ ಪರಮಾಣುಗಳು ಉಕ್ಕಿನೊಳಕ್ಕೇ ನುಸುಳಿ ಅದನ್ನು ಪೆಡಸಾಗಿಸುತ್ತವೆ. ಗಟ್ಟಿ ಉಕ್ಕು ಸೂಚನೆಯಿಲ್ಲದೆ ಬಿರಿಯುತ್ತದೆ. ಹುಳಿ ತೈಲ ಮತ್ತು ಅನಿಲದ ಬಾವಿಗಳಿಗೆ ಲೋಹದ ಆಯ್ಕೆಗಾಗಿಯೇ ಐಎಸ್‌ಒ 15156 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ತೊಟ್ಟಿಗಳ ಗೋಡೆಗೆ ಕೂತ ಕಬ್ಬಿಣದ ಸಲ್ಫೈಡಿನ ಪುಡಿ ಒಣಗಿ ಗಾಳಿ ತಾಕಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಅದರಿಂದಾಗಿ ತೊಟ್ಟಿ ತೆರೆದು ಸ್ವಚ್ಛ ಮಾಡುವವರು ಒಳಗನ್ನು ನೀರಿನಿಂದ ಒದ್ದೆಯಾಗಿಯೇ ಇಡುತ್ತಾರೆ.

ಮನುಷ್ಯನ ಮೇಲಾಗುವ ಪರಿಣಾಮವನ್ನು ಇಲ್ಲೇ ಹೇಳಬೇಕು. ಹೈಡ್ರೊಜನ್ ಸಲ್ಫೈಡ್ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಒಂದು ಭಾಗಕ್ಕಿಂತ ಕಡಿಮೆಯಿದ್ದರೂ ಮೂಗಿಗೆ ತಿಳಿಯುತ್ತದೆ. ಸುಮಾರು 100 ಭಾಗ ಮುಟ್ಟಿದರೆ ಕೆಲವೇ ನಿಮಿಷಗಳಲ್ಲಿ ಮೂಗು ಮರಗಟ್ಟಿ ವಾಸನೆಯೇ ನಿಂತುಹೋಗುತ್ತದೆ. 500ರಿಂದ 1,000 ಭಾಗವಿದ್ದರೆ ಪ್ರಜ್ಞೆ ತಪ್ಪಿ ಉಸಿರೇ ನಿಲ್ಲಬಹುದು. ವಾಸನೆ ಹೋಯಿತು, ಅನಿಲವೂ ಹೋಯಿತು ಎಂದುಕೊಂಡು ಒಳಗೆ ಇಳಿದವರು, ಅವರನ್ನು ಎತ್ತಲು ಇಳಿದವರು ಒಟ್ಟಿಗೇ ಸತ್ತ ಪ್ರಸಂಗಗಳು ತೈಲ ಕ್ಷೇತ್ರದಲ್ಲೂ ನಮ್ಮ ಊರುಗಳ ಮಲದ ಗುಂಡಿಗಳಲ್ಲೂ ನಡೆದಿವೆ. ಕೊಲ್ಲಿ ದೇಶಗಳ ತೈಲ ಘಟಕಗಳಲ್ಲಿ ದುಡಿಯುವ ಕರಾವಳಿಯ ಹುಡುಗರ ಎದೆಗೆ ಸಿಕ್ಕಿಸಿದ ಪುಟ್ಟ ಎಚ್ಚರಿಕೆ ಯಂತ್ರ ಇರುವುದು ಇದಕ್ಕಾಗಿಯೇ.

ಪರೀಕ್ಷೆ

ಒಟ್ಟು ಗಂಧಕವನ್ನು ಇಂದು ಎಕ್ಸ್-ಕಿರಣದಿಂದ ಅಳೆಯುತ್ತಾರೆ. ಮಾದರಿಯ ಮೇಲೆ ಕಿರಣ ಬಿಟ್ಟಾಗ ಗಂಧಕದ ಪರಮಾಣುಗಳು ಮರಳಿ ಹೊಮ್ಮಿಸುವ ಕಿರಣವನ್ನು ಎಣಿಸಿ ಕೆಲವೇ ನಿಮಿಷಗಳಲ್ಲಿ ಶೇಕಡಾವಾರು ಹೇಳುತ್ತದೆ ಯಂತ್ರ. ತೀರ ಕಡಿಮೆ ಪ್ರಮಾಣಕ್ಕೆ ಮಾದರಿಯನ್ನು ಸುಟ್ಟು ಅತಿನೇರಳೆ ಬೆಳಕಿನಲ್ಲಿ ಅಳೆಯುವ ವಿಧಾನವಿದೆ.

ಆದರೆ ಇಂಧನ ಲೋಹವನ್ನು ತಿನ್ನುತ್ತದೆಯೇ ಎಂದು ತಿಳಿಯಲು ಈಗಲೂ ಬಳಕೆಯಲ್ಲಿರುವುದು ತಾಮ್ರದ ಪಟ್ಟಿ. ಬೆರಳುದ್ದದ ಪಟ್ಟಿಯನ್ನು ಉಜ್ಜಿ ಹೊಸ ಚೊಂಬಿನಂತೆ ಹೊಳೆಯಿಸಿ, ಕೈ ತಾಕಿಸದೆ ಚಿಮಟದಿಂದ ಹಿಡಿದು ಮಾದರಿಯ ನಳಿಕೆಗೆ ಇಳಿಸುತ್ತಾರೆ. ನಳಿಕೆಯನ್ನು ಗೊತ್ತಾದ ಉಷ್ಣತೆಯ ದ್ರವದ ತೊಟ್ಟಿಯಲ್ಲಿ, ಪೆಟ್ರೋಲಿಗಾದರೆ 50 ಡಿಗ್ರಿಯಲ್ಲಿ, ಮೂರು ಗಂಟೆ ಇಡುತ್ತಾರೆ. ಹೊರತೆಗೆದ ಪಟ್ಟಿ ತಿಳಿ ಕಿತ್ತಳೆ ಬಣ್ಣದಲ್ಲೇ ಉಳಿದಿದ್ದರೆ ಪಾಸು. ಕಡುಕಿತ್ತಳೆ, ನೇರಳೆ, ನವಿಲುಬಣ್ಣ, ಕೊನೆಗೆ ಕಪ್ಪು ಎಂದು ಏರುವ ಬಣ್ಣಗಳ ಮಾದರಿ ಫಲಕದ ಪಕ್ಕ ಇಟ್ಟು ದರ್ಜೆ ಬರೆಯುತ್ತಾರೆ. ಬೆಳ್ಳಿಯ ಕಾಲ್ಗೆಜ್ಜೆ ಮನೆಯಲ್ಲಿ ಕಪ್ಪಾಗುವುದೂ ಇದೇ ರಾಸಾಯನಿಕ ಕ್ರಿಯೆಯಿಂದ. ಪಟ್ಟಿಯ ಪರೀಕ್ಷೆ ಒಟ್ಟು ಗಂಧಕವನ್ನು ಹೇಳುವುದಿಲ್ಲ, ಕಚ್ಚುವ ಗಂಧಕ ಇದೆಯೇ ಎಂದಷ್ಟೇ ಹೇಳುತ್ತದೆ. ಎಷ್ಟೋ ಕಡೆ ಬೇಕಾದದ್ದೂ ಅಷ್ಟೇ.

ತೆಗೆಯುವ ಬಗೆ

1885ರಲ್ಲಿ ಅಮೆರಿಕದ ಓಹಯೋ ರಾಜ್ಯದ ಲೈಮಾದಲ್ಲಿ ತೈಲ ಹೇರಳವಾಗಿ ಸಿಕ್ಕಿತು. ಅದರ ಸೀಮೆಎಣ್ಣೆ ದೀಪದ ಗಾಜಿಗೆ ಮಸಿ ಹಿಡಿಸಿ ಮನೆಯೆಲ್ಲ ನಾರಿಸುತ್ತಿದ್ದುದರಿಂದ ಕೊಳ್ಳುವವರಿರಲಿಲ್ಲ. ಜಾನ್ ರಾಕ್‌ಫೆಲರ್ ಮಾತ್ರ ಆ ತೈಲವನ್ನು ಕೊಂಡು ಸಂಗ್ರಹಿಸುತ್ತ ಹೋದ. ಅದನ್ನು ಸರಿಪಡಿಸುವ ಕೆಲಸವನ್ನು ಜರ್ಮನಿಯಿಂದ ಬಂದಿದ್ದ ರಸಾಯನಜ್ಞ ಹರ್ಮನ್ ಫ್ರಾಶ್‌ಗೆ ವಹಿಸಿದ. ಫ್ರಾಶ್ ತಾಮ್ರದ ಆಕ್ಸೈಡ್ ಬಳಸಿ ಗಂಧಕವನ್ನು ಹಿಡಿದಿಡುವ ವಿಧಾನ ರೂಪಿಸಿದ. ಅದರ ಬಲದ ಮೇಲೆಯೇ 1889ರಲ್ಲಿ ಇಂಡಿಯಾನಾದ ವೈಟಿಂಗ್‌ನಲ್ಲಿ ದೊಡ್ಡ ಸಂಸ್ಕರಣಾಗಾರ ಎದ್ದಿತು. ಅದೇ ಫ್ರಾಶ್ ಮುಂದೆ ಲೂಸಿಯಾನಾದಲ್ಲಿ ನೆಲದಾಳದ ಗಂಧಕವನ್ನು ಬಿಸಿನೀರಿನಿಂದ ಕರಗಿಸಿ ಮೇಲೆತ್ತಿದ.

ಇಂದಿನ ಮುಖ್ಯ ವಿಧಾನ ಜಲಜನಕದ ಸಂಸ್ಕರಣೆ. ಕೋಬಾಲ್ಟ್–ಮಾಲಿಬ್ಡಿನಂ ವೇಗವರ್ಧಕದ ಮೇಲೆ 300–400 ಡಿಗ್ರಿ ಉಷ್ಣತೆಯಲ್ಲಿ, ಅಧಿಕ ಒತ್ತಡದಲ್ಲಿ ತೈಲದ ಭಾಗವನ್ನು ಜಲಜನಕದೊಡನೆ ಹಾಯಿಸಿದರೆ ಗಂಧಕ ಹೈಡ್ರೊಜನ್ ಸಲ್ಫೈಡ್ ಆಗಿ ಹೊರಬೀಳುತ್ತದೆ. ಮರ್ಕ್ಯಾಪ್ಟನ್‌ಗಳು ಕ್ಷಣದಲ್ಲಿ ಹೋಗುತ್ತವೆ. ಗಂಧಕದ ಎರಡೂ ಪಕ್ಕ ಮೀಥೈಲ್ ಗುಂಪು ಅಡ್ಡನಿಂತ ಡೈಬೆಂಜೊಥಯೋಫೀನ್ ಕೊನೆಯವರೆಗೂ ಜಗ್ಗುವುದಿಲ್ಲ. ಡೀಸೆಲ್‌ನ ಗಂಧಕವನ್ನು 500 ಪಿಪಿಎಂಗೆ (ಹತ್ತು ಲಕ್ಷದಲ್ಲಿ 500 ಭಾಗಕ್ಕೆ) ಇಳಿಸುವುದಕ್ಕಿಂತ 50ರಿಂದ 10ಕ್ಕೆ ಇಳಿಸುವುದು ದುಬಾರಿಯಾದದ್ದು ಮುಖ್ಯವಾಗಿ ಈ ಅಣುಗಳಿಂದ. ಹೊರಬಂದ ಅನಿಲವನ್ನು ಅಮೀನ್ ದ್ರಾವಣದಲ್ಲಿ ಹೀರಿಸಿ, ಕಾರ್ಲ್ ಫ್ರೆಡ್ರಿಕ್ ಕ್ಲಾಸ್ 1883ರಲ್ಲಿ ಪೇಟೆಂಟ್ ಪಡೆದ ಕ್ರಿಯೆಯಲ್ಲಿ ಮೂರನೆಯ ಒಂದು ಪಾಲನ್ನು ಸುಟ್ಟು, ಉಳಿದ ಎರಡು ಪಾಲಿನೊಡನೆ ಸೇರಿಸಿದರೆ ಹಳದಿ ಗಂಧಕ ಮತ್ತು ನೀರು ದೊರೆಯುತ್ತವೆ.

ಗಂಧಕವನ್ನು ತೆಗೆದರೆ ಲಾಭವೇ ಎಲ್ಲ ಎನ್ನುವಂತಿಲ್ಲ. 1990ರ ದಶಕದ ಆರಂಭದಲ್ಲಿ ಸ್ವೀಡನ್ ಅತಿ ಕಡಿಮೆ ಗಂಧಕದ ಡೀಸೆಲ್ ತಂದಾಗ ಇಂಜೆಕ್ಷನ್ ಪಂಪುಗಳು ಸವೆದು ಕೆಟ್ಟವು. ಜಲಜನಕದ ಸಂಸ್ಕರಣೆ ಗಂಧಕದ ಜೊತೆಗೆ ಲೋಹದ ಮೈಗೆ ಅಂಟಿ ಜಾರಿಕೆ ಕೊಡುತ್ತಿದ್ದ ಇತರ ಸಂಯುಕ್ತಗಳನ್ನೂ ಒಯ್ದುಬಿಟ್ಟಿತ್ತು. ಈಗ ಆ ಗುಣವನ್ನು ಹೊರಗಿನಿಂದ ಬೆರೆಸುತ್ತಾರೆ. ರಸ್ತೆಯ ಡಾಂಬರಿಗೆ ಆಸ್ಫಾಲ್ಟೀನ್ ತುಂಬಿದ ಭಾರದ ಹುಳಿ ತೈಲವೇ ಬೇಕು. ಮೇಣದ ಸಿಹಿ ತೈಲದ ತಳದಿಂದ ಒಳ್ಳೆಯ ಡಾಂಬರು ಬರುವುದಿಲ್ಲ.

ತೈಲ ಬೆರೆಸುವವರು ನೆನಪಿಡುವ ಒಂದು ಸಂಗತಿ: ಗಂಧಕ ತೂಕದ ಲೆಕ್ಕದಲ್ಲಿ ನೇರವಾಗಿ ಬೆರೆಯುತ್ತದೆ. ಶೇ. 2ರ ಮೂರು ಪಾಲಿಗೆ ಶೇ. 0.4ರ ಒಂದು ಪಾಲು ಸೇರಿಸಿದರೆ ಶೇ. 1.6. ಸ್ನಿಗ್ಧತೆ ಇಷ್ಟು ಸರಳವಲ್ಲ. ಮೇಣದ ಸಿಹಿ ತೈಲವನ್ನು ಆಸ್ಫಾಲ್ಟೀನ್‌ನ ಹುಳಿ ತೈಲಕ್ಕೆ ಯೋಚಿಸದೆ ಸುರಿದರೆ ಆಸ್ಫಾಲ್ಟೀನ್ ಬೇರ್ಪಟ್ಟು ತಳಕ್ಕೆ ಕೂತು ತೊಟ್ಟಿಯೂ ಕುಲುಮೆಯ ಕೊಳವೆಯೂ ಕಟ್ಟಿಕೊಳ್ಳುತ್ತವೆ.

ನಿಯಮ ಮತ್ತು ಮಾರುಕಟ್ಟೆ

ಹುಳಿ ತೈಲ ಅಗ್ಗ. ಅದನ್ನು ಶುದ್ಧಗೊಳಿಸುವ ಘಟಕಗಳಿಗೆ ಬಂಡವಾಳ ಹೂಡಿದವರಿಗೆ ಆ ವ್ಯತ್ಯಾಸವೇ ಗಳಿಕೆ. ಸುರತ್ಕಲ್ ಹತ್ತಿರದ ಮಂಗಳೂರು ಸಂಸ್ಕರಣಾಗಾರ, ಎಂಆರ್‌ಪಿಎಲ್, 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದಿಂದ ಆರಂಭವಾಗಿ 150 ಲಕ್ಷ ಟನ್‌ಗೆ ಬೆಳೆದಿದೆ. ಭಾರದ ಹುಳಿ ತೈಲವನ್ನು ಅರಗಿಸಿಕೊಳ್ಳಲು ಬೇಕಾದ ಕೋಕಿಂಗ್, ಜಲಜನಕ ಸಂಸ್ಕರಣೆ, ಗಂಧಕ ಮರುಗಳಿಕೆಯ ಘಟಕಗಳು ಅಲ್ಲಿವೆ. ಶೇ. 2 ಗಂಧಕದ ತೈಲವನ್ನೇ ವರ್ಷವಿಡೀ ಆ ಸಾಮರ್ಥ್ಯದಲ್ಲಿ ನಡೆಸಿದರೆ ಒಳಬರುವ ಗಂಧಕ 3 ಲಕ್ಷ ಟನ್. ಅದರ ನೆರೆಯಲ್ಲಿ, ಮಂಗಳೂರಿನಲ್ಲಿ 15 ಲಕ್ಷ ಟನ್ ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲವನ್ನು ಬಂಡೆಯೊಳಗೆ ಕೊರೆದ ಗುಹೆಗಳಲ್ಲಿ ಆಪತ್ಕಾಲಕ್ಕೆಂದು ಕೂಡಿಡುವ ವ್ಯವಸ್ಥೆಯಿದೆ.

ಭಾರದ ಹುಳಿ ತೈಲದ ಕೊನೆಯ ಉಳಿಕೆ ಪೆಟ್‌ಕೋಕ್ ಎಂಬ ಘನ ಇಂಧನ. ಗಂಧಕ ಅದರಲ್ಲಿ ಶೇ. 5ನ್ನೂ ದಾಟಬಹುದು. 2017ರಲ್ಲಿ ಸುಪ್ರೀಂ ಕೋರ್ಟ್ ದಿಲ್ಲಿಯ ಸುತ್ತಲಿನ ರಾಜ್ಯಗಳಲ್ಲಿ ಅದರ ಬಳಕೆಯನ್ನು ತಡೆಯಿತು. ಸಿಮೆಂಟ್ ಗೂಡುಗಳಲ್ಲಿ ಸುಣ್ಣವೇ ಗಂಧಕವನ್ನು ಹಿಡಿದಿಡುವುದರಿಂದ ಆ ಉದ್ಯಮಕ್ಕೆ ಆಮೇಲೆ ಸಡಿಲಿಕೆ ಸಿಕ್ಕಿತು. ಹಡಗುಗಳ ಇಂಧನದಲ್ಲಿ ಶೇ. 3.5ರವರೆಗೆ ಇರಬಹುದಾಗಿದ್ದ ಗಂಧಕವನ್ನು ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2020ರ ಜನವರಿ 1ರಿಂದ ಶೇ. 0.5ಕ್ಕೆ ಇಳಿಸಿತು.

ನಮ್ಮ ಡೀಸೆಲ್‌ನ ಕತೆ ಇನ್ನೂ ದೊಡ್ಡ ಇಳಿತದ್ದು. 2000ದಲ್ಲಿ ಮಿತಿ 2,500 ಪಿಪಿಎಂ. ವಾಹನದ ಹೊಗೆಯ ಮಾನಕವಾದ ಭಾರತ್ ಸ್ಟೇಜ್ 2ರಲ್ಲಿ 500, ಸ್ಟೇಜ್ 3ರಲ್ಲಿ 350, ಸ್ಟೇಜ್ 4ರಲ್ಲಿ 50. ಐದನೆಯ ಹಂತವನ್ನು ಬಿಟ್ಟು ನೇರ ಆರಕ್ಕೆ ಹೋದಾಗ 10. ಕಾರು, ಲಾರಿಗಳ ಹೊಗೆನಳಿಕೆಯಲ್ಲಿರುವ ವೇಗವರ್ಧಕದ ಮೈಗೆ ಗಂಧಕ ಮೆತ್ತಿಕೊಂಡರೆ ಅದು ಕೆಲಸ ಮಾಡುವುದಿಲ್ಲ. ಮಸಿಯನ್ನು ಹಿಡಿಯುವ ಶೋಧಕಗಳಿಗೂ ಶುದ್ಧ ಡೀಸೆಲ್ ಬೇಕು. ಇಂಧನ ಶುದ್ಧವಾಗದೆ ಎಂಜಿನ್ ಶುದ್ಧವಾಗದು. 2020ರ ಏಪ್ರಿಲ್ 1ರಿಂದ ದೇಶದ ಎಲ್ಲ ಬಂಕುಗಳಲ್ಲೂ ಸಿಗಬೇಕಾದ ಪೆಟ್ರೋಲ್ ಮತ್ತು ಡೀಸೆಲ್‌ನ ಗಂಧಕ ಮಿತಿ ಹತ್ತು ಲಕ್ಷ ಭಾಗಕ್ಕೆ ಹತ್ತು ಭಾಗ. ತೆಗೆದ ಗಂಧಕ ಹಳದಿ ಹರಳಾಗಿ ಗಂಧಕಾಮ್ಲದ ಕಾರ್ಖಾನೆಗಳಿಗೆ ಹೋಗುತ್ತದೆ. ಜಗತ್ತಿನಲ್ಲಿ ಇಂದು ಬಳಕೆಯಾಗುವ ಗಂಧಕದ ಬಹುಪಾಲು ಗಣಿಗಳಿಂದ ಬರುತ್ತಿಲ್ಲ, ತೈಲ ಮತ್ತು ಅನಿಲವನ್ನು ಶುದ್ಧ ಮಾಡುವಾಗಲೇ ಸಿಗುತ್ತಿದೆ. ಅದರಲ್ಲಿ ಅತಿ ದೊಡ್ಡ ಪಾಲು ಹೊಲಗಳಿಗೆ ಹಾಕುವ ರಂಜಕದ ಗೊಬ್ಬರದ ತಯಾರಿಕೆಗೆ ಖರ್ಚಾಗುತ್ತದೆ.